ದೊಡ್ಡಕ್ಕೋರು ರಜೆ ಕೇಳಿದ ರಾತ್ರಿ

ನಮ್ಮ ಪೀಳಿಗೆಯ ಎಷ್ಟೋ ಶಿಕ್ಷಕರು ಜೂನ್ 1ರಂದು ಹುಟ್ಟಿದವರು. ನಿಜವಾಗಿ ಹುಟ್ಟಿದ್ದು ಯಾವತ್ತೋ. ಅಪ್ಪನೋ ಅಜ್ಜನೋ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಂದಾಗ ಮಾಸ್ತರರು ಹುಟ್ಟಿದ ದಿನ ಕೇಳುತ್ತಿದ್ದರು. "ಆರಿದ್ರಾ ಮಳೆ ಹಿಡಿದಿತ್ತು, ಹೊಳೆ ದಾಟೋಕೆ ಆಗ್ತಿರಲಿಲ್ಲ" ಎಂಬಂಥ ಉತ್ತರ ಬರುತ್ತಿತ್ತು. ಮಾಸ್ತರರು ಮಗುವಿನ ಮುಖ ನೋಡಿ, ಶಾಲೆಗೆ ಸೇರಲು ಬೇಕಾದ ವಯಸ್ಸು ಹೊಂದುವ ಹಾಗೆ ದಾಖಲಾತಿ ಪುಸ್ತಕದಲ್ಲಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರ್ಕಾರದ ನಿಯಮ. ಹೀಗಾಗಿ ಮೇ 31 ಬಂತೆಂದರೆ ನಮ್ಮ ಶಾಲೆಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ. ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವುದೂ ಅದೇ ಹೊತ್ತಿಗೆ. ಹೊಸ ಪಠ್ಯಪುಸ್ತಕದ ಕಟ್ಟು ಬಿಚ್ಚಿರುತ್ತದೆ, ಬಾಗಿಲಿಗೆ ಮಾವಿನ ತೋರಣ ಕಟ್ಟಿರುತ್ತದೆ. ಒಂದನೇ ತರಗತಿಯ ಮಕ್ಕಳು ಅಳುತ್ತಾ ಒಳಗೆ ಬರುವ ವಾರದಲ್ಲೇ ಅಕ್ಕೋರು, ಅಂದರೆ ಶಿಕ್ಷಕಿ, ಹೊರಗೆ ಹೋಗಬೇಕು.

ನಾನು ಹೇಳುವುದು 2013ರ ಮಾತು. ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾವಿಬ್ಬರೇ ಶಿಕ್ಷಕಿಯರು. ನನ್ನ ಹಿರಿಯ ಸಹೋದ್ಯೋಗಿ ಊರವರಿಗೆ ದೊಡ್ಡಕ್ಕೋರು, ನಾನು ಸಣ್ಣಕ್ಕೋರು. ನಮ್ಮ ಹೆಸರುಗಳು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ.

ಆ ವರ್ಷದ ಮೇ 31ರಂದು ಶಾಲೆಯ ಅಂಗಳದಲ್ಲಿ ಅಡಿಕೆ ದಬ್ಬೆಯ ಚಪ್ಪರ ಹಾಕಿ ಅವರನ್ನು ಬೀಳ್ಕೊಟ್ಟೆವು. ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಹಳೆ ವಿದ್ಯಾರ್ಥಿಗಳು ಕೂಡಿಸಿದ ದುಡ್ಡಿನಲ್ಲಿ ಒಂದು ಗೋಡೆ ಗಡಿಯಾರ ಕೊಟ್ಟೆವು. ಅವರ ಯಜಮಾನರನ್ನೂ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದೆಸಿದ್ದಾಯಿತು. ಮಾತಾಡಿದವರೆಲ್ಲ ಅವರಿಗೆ ಕೃತಜ್ಞತೆ ಹೇಳಿದರು: ಅಕ್ಕೋರನ್ನು ಇಷ್ಟು ವರ್ಷ ಶಾಲೆಗೆ ಕಳಿಸಿಕೊಟ್ಟಿರಿ, ನಿಮ್ಮ ಸಹಕಾರ ದೊಡ್ಡದು. ಆಮೇಲೆ ಅಕ್ಕೋರ ಕಡೆ ತಿರುಗಿ, "ಇನ್ನು ಮನೆ, ಮೊಮ್ಮಕ್ಕಳು ಅಂತ ನೆಮ್ಮದಿಯಿಂದಿರಿ" ಎಂದರು. ಎಷ್ಟೋ ಗಂಡು ಶಿಕ್ಷಕರ ಬೀಳ್ಕೊಡುಗೆಗೆ ನಾನು ಹೋಗಿದ್ದೇನೆ. ಹೆಂಡತಿ ಕಳಿಸಿಕೊಟ್ಟಳೆಂದು ಯಾರೂ ಅಲ್ಲಿ ಧನ್ಯವಾದ ಹೇಳಿದ್ದು ಕೇಳಿಲ್ಲ. ಅವತ್ತೇ ನನಗೆ ಅದು ಚುಚ್ಚಿತು. ದೊಡ್ಡಕ್ಕೋರು ಮಾತ್ರ ಏನೂ ಹೇಳಲಿಲ್ಲ. ಎದ್ದು ನಿಂತು, ಶಾಲೆಯ ಹಿಂದಿನ ಬಾವಿಗೆ ಜಾಲರಿ ಹಾಕಿಸುವುದು ಬಾಕಿಯಿದೆ, ಮಳೆ ಜೋರಾಗುವ ಮೊದಲು ಹಾಕಿಸಿ ಎಂದಷ್ಟೇ ಹೇಳಿ ಕೂತರು.

ಅವರು ಕೆಲಸಕ್ಕೆ ಸೇರಿದ್ದು 1978ರಲ್ಲಿ, ಮದುವೆಯಾಗಿ ಎರಡು ವರ್ಷಕ್ಕೆ. ಟಿ.ಸಿ.ಎಚ್. ಓದಿದ ಸೊಸೆ ಎಂದು ಮಾವನವರಿಗೆ ಹೆಮ್ಮೆ ಇತ್ತಂತೆ. ಅಂದಿನಿಂದ ಅವರ ದಿನ ಬೆಳಗಿನ ನಾಲ್ಕೂವರೆಗೆ ಶುರು. ಕೊಟ್ಟಿಗೆ, ಹಾಲು ಕರೆಯುವುದು, ಆಸರಿಗೆ, ದೋಸೆ, ಮಧ್ಯಾಹ್ನದ ಅಡುಗೆಗೆ ಕಾಯಿ ತುರಿದಿಡುವುದು, ಮಕ್ಕಳ ಜಡೆ. ಒಂಬತ್ತಕ್ಕೆ ಕೊಡೆ ಹಿಡಿದು ತೋಟದ ಅಂಚಿನಲ್ಲಿ ಇಳಿದು, ಸಂಕ ದಾಟಿ, ಗುಡ್ಡ ಹತ್ತಿದರೆ ಶಾಲೆ. ಮಳೆಗಾಲದಲ್ಲಿ ಸಂಕದ ಮೇಲೆ ನೀರು ಹರಿಯುವಾಗ ದೊಡ್ಡ ಮಕ್ಕಳು ಆಚೆ ದಡದಲ್ಲಿ ಕಾದಿದ್ದು ಅಕ್ಕೋರ ಕೈ ಹಿಡಿದು ದಾಟಿಸುತ್ತಿದ್ದರು.

ಶಾಲೆಯೆಂದರೆ ಪಾಠ ಒಂದೇ ಅಲ್ಲ ಎಂಬುದು ಹಳ್ಳಿಯ ಶಿಕ್ಷಕರಿಗೆಲ್ಲ ಗೊತ್ತು. 1991, 2001, 2011ರ ಜನಗಣತಿಗಳಲ್ಲಿ ಅವರು ಮನೆಮನೆ ತಿರುಗಿದರು. ಚುನಾವಣೆ ಬಂದರೆ ಮತಪೆಟ್ಟಿಗೆಯ ಜೊತೆ ಗೊತ್ತಿಲ್ಲದ ಊರಿನಲ್ಲಿ ರಾತ್ರಿ ಕಳೆದರು. ಸಾಕ್ಷರತಾ ಆಂದೋಲನದ ದಿನಗಳಲ್ಲಿ ಕಂದೀಲು ಹಿಡಿದು ಹೋಗಿ, ಕೂಲಿ ಮುಗಿಸಿ ಬಂದ ಹೆಂಗಸರಿಗೆ ಹೆಸರು ಬರೆಯಲು ಕಲಿಸಿದರು. 2003ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ನಮ್ಮ ಕಡೆಗೂ ಬಂದ ಮೇಲೆ ಅಕ್ಕಿ, ಬೇಳೆಯ ಲೆಕ್ಕ ಸೇರಿತು. 2009ರಲ್ಲಿ ನಲಿ-ಕಲಿ ಪದ್ಧತಿ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂದಾಗ ಅವರಿಗೆ ಐವತ್ತಾರು ವರ್ಷ. ಈ ವಯಸ್ಸಿಗೆ ಇದೆಲ್ಲ ಯಾಕೆಂದು ಬೇರೆಯವರು ಗೊಣಗುವಾಗ, ನೆಲದ ಮೇಲೆ ಮಕ್ಕಳ ನಡುವೆ ಕೂತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ತಾವೇ ಕಲಿತವರು ಅವರು. ಮೊಣಕಾಲು ನೋಯುತ್ತಿತ್ತು. ಏಳುವಾಗ ಪಕ್ಕದ ಮಗುವಿನ ಭುಜ ಹಿಡಿಯುತ್ತಿದ್ದರು.

2008ರಲ್ಲಿ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಇಲ್ಲದಿದ್ದರೆ ಅವರು 2011ಕ್ಕೇ ಮನೆಗೆ ಹೋಗಬೇಕಿತ್ತು. ಆ ಸುದ್ದಿ ಬಂದ ದಿನ ಅವರು ಶಾಲೆಯಲ್ಲಿ ಬೆಲ್ಲ ಹಂಚಿದ್ದು ನನಗೆ ನೆನಪಿದೆ. ಮನೆಯಲ್ಲಿ ಹಂಚಿದರೋ ಇಲ್ಲವೋ ನಾನು ಕೇಳಲಿಲ್ಲ.

ಜೂನ್ ತಿಂಗಳಿಡೀ ಅವರ ಸುದ್ದಿ ಅಷ್ಟಿಷ್ಟು ನನ್ನ ಕಿವಿಗೆ ಬೀಳುತ್ತಿತ್ತು. ಅವರ ಮನೆಗೆ ಪಾತ್ರೆ ತಿಕ್ಕಿ, ಕೊಟ್ಟಿಗೆ ಬಳಿದು, ಮಧ್ಯಾಹ್ನದ ಅಡುಗೆಗೆ ಕೈಜೋಡಿಸಲು ಒಬ್ಬ ಹೆಂಗಸು ಬರುತ್ತಿದ್ದಳು. ಆಕೆಯ ಮಗಳು ನಮ್ಮ ಶಾಲೆಯಲ್ಲೇ ಕಲಿತು ಆಗ ಸಿದ್ದಾಪುರದ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಳು. ಜೂನ್ ಒಂದನೇ ತಾರೀಕಿಗೇ ಆ ಹೆಂಗಸನ್ನು ಕೆಲಸದಿಂದ ಬಿಡಿಸಿದ್ದರು. ಜಗಳವಿಲ್ಲ, ಕೆಟ್ಟ ಮಾತಿಲ್ಲ. "ಇನ್ನು ಇವಳೇ ಮನೆಯಲ್ಲಿರ್ತಾಳಲ್ಲ" ಎಂದು ಯಜಮಾನರು ತಿಂಗಳ ಸಂಬಳ ಕೊಟ್ಟು ಕಳಿಸಿದರಂತೆ. ಅಕ್ಕೋರ ಅತ್ತೆಗೆ ಆಗ ಎಂಬತ್ತನಾಲ್ಕು, ಕಾಲು ಸೋತಿತ್ತು. ಬೆಂಗಳೂರಿನ ಮಗನಿಗೆ ಎಂಟು ತಿಂಗಳ ಕೂಸು, ಸೊಸೆಯ ಹೆರಿಗೆ ರಜೆ ಎಂದೋ ಮುಗಿದಿತ್ತು, ಕೂಸನ್ನು ನೋಡಿಕೊಳ್ಳಲು ಆಯಿ, ಅಂದರೆ ಅಮ್ಮ, ಬರುತ್ತಾಳೆಂದು ಮಗ ಸೊಸೆ ಲೆಕ್ಕ ಹಾಕಿದ್ದರು. ಊರಿನ ಸಂಘದವರು ಲೆಕ್ಕದ ಪುಸ್ತಕ ತಂದು ಜಗುಲಿಯ ಮೇಲೆ ಇಟ್ಟುಹೋದರು. ನೆಂಟರ ಮನೆಯಲ್ಲಿ ಶ್ರಾದ್ಧವೋ ಸತ್ಯನಾರಾಯಣ ಕಥೆಯೋ ಇದ್ದರೆ ಹಿಂದಿನ ದಿನವೇ ಬರಬೇಕೆಂದು ಫೋನು. ಹೇಗೂ ರಿಟೈರ್ ಆಯಿತಲ್ಲ ಎಂಬ ಒಂದು ಮಾತು ಎಲ್ಲರ ಬಾಯಲ್ಲೂ. ಯಾರೂ ಕೆಟ್ಟವರಲ್ಲ. ಅವರ ಹತ್ತರಿಂದ ನಾಲ್ಕೂವರೆಯ ಹೊತ್ತು ಖಾಲಿ ಬಿದ್ದಿದೆ ಎಂದು ಒಬ್ಬೊಬ್ಬರೂ ನಂಬಿ, ಒಬ್ಬೊಬ್ಬರೂ ಅದಕ್ಕೊಂದು ಕೆಲಸ ಹುಡುಕಿಟ್ಟಿದ್ದರು.

ಜುಲೈಯಲ್ಲಿ ಒಂದು ಸಂಜೆ ನಾನು ಅವರ ಮನೆಗೆ ಹೋಗಬೇಕಾಯಿತು. ಚಾರ್ಜ್ ವಹಿಸಿಕೊಂಡ ಪಟ್ಟಿಯಲ್ಲಿ ಒಂದೆರಡು ಭೂಪಟಗಳ ಲೆಕ್ಕ ತಾಳೆಯಾಗದೆ, ಸರಿಪಡಿಸಿದ ಪಟ್ಟಿಗೆ ಅವರ ಸಹಿ ಬೇಕಿತ್ತು. ಪುನರ್ವಸು ಮಳೆ. ಎರಡು ದಿನ ಮಳೆ ಬಿಟ್ಟು ಹೊಳವಾಗಿತ್ತೆಂದು ಮನೆಯವರು ತೋಟಕ್ಕೆ ಔಷಧಿ ಹೊಡೆಸಲು ಆಳು ಕರೆದಿದ್ದರು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಕೆಲಸ ಹೊಳವು ಬಿಟ್ಟರೆ ಆಗದು. ಮಧ್ಯಾಹ್ನದ ಮೇಲೆ ಮತ್ತೆ ಮಳೆ ಹಿಡಿಯಿತು. ನಾನು ಹೋದಾಗ ಆಳುಗಳೆಲ್ಲ ಊಟ ಮುಗಿಸಿ ಹೋಗಿದ್ದರು, ಬಾವಿಕಟ್ಟೆಯಲ್ಲಿ ಪಾತ್ರೆಯ ರಾಶಿ. ಅಕ್ಕೋರು ಸೀರೆ ಎತ್ತಿ ಕಟ್ಟಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ತಿಕ್ಕುತ್ತಿದ್ದರು. ನನ್ನನ್ನು ನೋಡಿ, "ಬನ್ನಿ ಸಣ್ಣಕ್ಕೋರೆ, ಒಳಗೆ ಕೂತ್ಕೊಳ್ಳಿ, ಬಂದೆ" ಎಂದರು. ಧ್ವನಿ ಅವರದಲ್ಲವೇನೋ ಅನ್ನಿಸಿತು. ಸಹಿಗೆ ಕಾಯುತ್ತ ಕತ್ತಲಾಯಿತು. ಹಳ್ಳದ ಮೇಲೆ ನೀರು ಬಂದು ಹಾಲ್ಟಿಂಗ್ ಬಸ್ಸು ಬರುವುದಿಲ್ಲವೆಂಬ ಸುದ್ದಿಯೂ ಬಂತು. ಕರೆಂಟೂ ಹೋಯಿತು. ರಾತ್ರಿ ಅಲ್ಲೇ ಉಳಿದೆ.

ಮಲೆನಾಡಿನ ಮಳೆಗಾಲದಲ್ಲಿ ಮನೆಯ ಜನ ಸೇರುವ ಜಾಗ ಬಚ್ಚಲೊಲೆ. ಹಂಡೆಯ ಕೆಳಗೆ ಕುಂಟೆ ಉರಿಯುತ್ತಿರುತ್ತದೆ, ಮೇಲೆ ಬಿದಿರಿನ ಗಳಕ್ಕೆ ಒದ್ದೆ ಬಟ್ಟೆ, ಕಂಬಳಿ. ಅತ್ತೆ ಮಣೆಯ ಮೇಲೆ ಬೆಂಕಿಗೆ ಕಾಲು ಚಾಚಿ ಕೂತಿದ್ದರು. ಯಜಮಾನರು ಹಲಸಿನ ಬೇಳೆಯನ್ನು ಕೆಂಡಕ್ಕೆ ಒಡ್ಡಿ ಒಂದೊಂದಾಗಿ ಹೊರಳಿಸುತ್ತಿದ್ದರು. ಮಗ ಬೆಂಗಳೂರಿನಿಂದ ಬಂದಿದ್ದ, ಆಯಿಯನ್ನು ಕರೆದೊಯ್ಯಲು. ರಾತ್ರಿಯ ಊಟದ ಪಾತ್ರೆಯೂ ಮುಗಿದ ಮೇಲೆ ಅಕ್ಕೋರು ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ಕೂತು, ಬೆಂಕಿಯ ಬೆಳಕಿನಲ್ಲೇ ಪಟ್ಟಿ ಓದಿ ಸಹಿ ಹಾಕಿದರು. ಆ ಬೆಳಕಿನಲ್ಲಿ ಅವರ ಬೆರಳು ನೋಡಿದೆ. ಸೀಮೆಸುಣ್ಣ ಹಿಡಿಯುತ್ತಿದ್ದ ಬೆರಳಿನ ತುದಿಗಳು ಸೋಪಿನ ನೀರಿಗೆ ಬಿರಿದಿದ್ದವು.

ಮಾತು ತೆಗೆದವನು ಮಗ. "ಆಯಿ, ಗಳಿಕೆ ರಜೆಯ ದುಡ್ಡು ಬ್ಯಾಂಕಿಗೆ ಬಂತಂತೆ. ಫ್ಲ್ಯಾಟಿನ ರಿಜಿಸ್ಟ್ರೇಷನ್ ಮುಂದಿನ ತಿಂಗಳು. ಗ್ರಾಚ್ಯುಟಿಯೂ ಬಂದ್ರೆ ಸಾಲ ಅಷ್ಟು ಕಡಿಮೆ ಮಾಡಬಹುದು."

"ಬಂತು" ಎಂದರು ಅಕ್ಕೋರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನನ್ನು ಕೇಳಿದರು, "ಅದು ಯಾವ ದುಡ್ಡು ಗೊತ್ತಾ ನಿಂಗೆ?"

ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಅಕ್ಕೋರು ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು. ಶಾಲೆಯವರಿಗೆ ಬೇಸಿಗೆ ರಜೆ, ದಸರಾ ರಜೆ ಇರುವುದರಿಂದ ಗಳಿಕೆ ರಜೆ ವರ್ಷಕ್ಕೆ ಹತ್ತೇ ದಿನ. ಬಳಸದೆ ಉಳಿಸಿದರೆ ಸೇವಾ ಪುಸ್ತಕದಲ್ಲಿ ಕೂಡುತ್ತಾ ಹೋಗುತ್ತದೆ. ನಿವೃತ್ತಿಯ ದಿನ ಗರಿಷ್ಠ 300 ದಿನದವರೆಗೆ ಲೆಕ್ಕ ಹಾಕಿ ಸರ್ಕಾರ ಸಂಬಳದ ದರದಲ್ಲೇ ದುಡ್ಡು ಕೊಡುತ್ತದೆ. "ತೆಗೆದುಕೊಳ್ಳದ ರಜೆಗೆ ಸಿಗೋ ದುಡ್ಡು ಅದು. 35 ವರ್ಷ ನಾನು ತೆಗೆದುಕೊಳ್ಳದ ರಜೆಯನ್ನು ಯಾರೋ ಗುಮಾಸ್ತರು ಒಂದು ದಿನವೂ ಬಿಡದೆ ಬರೆದಿಟ್ಟಿದ್ರು. ಈ ಮನೆಗೆ ಬಂದು 37 ವರ್ಷ ಆಯ್ತು. ಇಲ್ಲಿ ನನ್ನ ರಜೆ ಎಷ್ಟು ಉಳಿದಿದೆ? ಯಾರ ಹತ್ರ ಇದೆ ಲೆಕ್ಕ?"

ಯಾರೂ ಮಾತಾಡಲಿಲ್ಲ. ಯಜಮಾನರು ಕೆಂಡದಿಂದ ಕಣ್ಣು ಎತ್ತದೆ, "ಮನೆ ಕೆಲಸಕ್ಕೆ ಎಂಥ ರಜೆ ಮಾರಾಯ್ತಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯ ಇತ್ತು.

"ಅದನ್ನೇ ನಾನೂ ಕೇಳ್ತಿರೋದು" ಎಂದರು ಅಕ್ಕೋರು. "ನಂಗೆ ಈ ಮನೆಯಿಂದ ದುಡ್ಡು ಬೇಡ. ರಜೆ ಬೇಕು. ಹತ್ತರಿಂದ ನಾಲ್ಕೂವರೆ. ಅಷ್ಟು ಹೊತ್ತು ನಾನು ಶಾಲೆಗೆ ಹೋಗಿದೇನೆ ಅಂತಲೇ ತಿಳ್ಕೊಳ್ಳಿ. ಬೆಳಿಗ್ಗೆ ಸಂಜೆಯ ಕೆಲಸ ಹಿಂದೆಯೂ ಮಾಡ್ತಿದ್ದೆ, ಇನ್ನೂ ಮಾಡ್ತೇನೆ. ಬಿಡಿಸಿದವಳನ್ನು ನಾಳೆಯೇ ಕರೆಸಿ. ಅವಳ ಮಗಳು ಓದೋದು ಆ ದುಡ್ಡಲ್ಲಿ. ಸಂಬಳ ನನ್ನ ಪಿಂಚಣಿಯಿಂದ ಕೊಡ್ತೇನೆ."

"ಹಾಗಾದ್ರೆ ಕೂಸು?" ಮಗನ ಮುಖ ಸಣ್ಣದಾಗಿತ್ತು.

"ದೀಪಾವಳಿ ಕಳೀಲಿ, ಒಂದು ತಿಂಗಳು ಬರ್ತೇನೆ. ಅಪ್ಪನೂ ಬರಲಿ. ಕೂಸಿಗೆ ಅಜ್ಜ ಅಜ್ಜಿ ಇಬ್ಬರೂ ಬೇಕು. ಆದ್ರೆ ಅಲ್ಲೇ ಇರೋಕೆ ಆಗೋದಿಲ್ಲ. ಫ್ಲ್ಯಾಟಿಗೆ ಸ್ವಲ್ಪ ಕೊಡ್ತೇನೆ, ಅದು ನಿಂಗೆ ಆಯಿಯ ಉಡುಗೊರೆ. ಉಳಿದದ್ದು ನನ್ನ ಹೆಸರಲ್ಲೇ ಠೇವಣಿ ಇಡ್ತೇನೆ."

ಆಮೇಲೆ ಆದದ್ದು ನಾನು ಎಣಿಸಿರದ ಸಂಗತಿ. ಅಷ್ಟು ಹೊತ್ತು ಬಾಯಿ ಬಿಡದಿದ್ದ ಅತ್ತೆ ತಮ್ಮ ಮಗನ, ಅಂದರೆ ಯಜಮಾನರ, ಕಡೆ ತಿರುಗಿದರು. "ಇವಳು ಹತ್ತಕ್ಕೆ ಶಾಲೆಗೆ ಹೋದ್ರೆ ಮಧ್ಯಾಹ್ನ ಈ ಮನೇಲಿ ಬಡಿಸಿದ್ದು ಯಾರು? ನಿನ್ನ ಮಗನ ತೊಟ್ಟಿಲು ತೂಗಿದ್ದು ಯಾರು? ಕಾಲು ಆಡೋವರೆಗೂ ನಾನೇ ಮಾಡ್ದೆ. ಶಾಲು ಹೊದೆಸೋದು ಹಾಗಿರ್ಲಿ, ಇನ್ನು ಸಾಕು ಕೂತ್ಕೋ ಅಂತ ನಂಗೆ ಯಾರೂ ಹೇಳ್ಲಿಲ್ಲ. ಕಾಲೇ ಹೇಳ್ತು. ಇವಳಿಗೆ ಕಾಲು ಇರುವಾಗ್ಲೇ ಹೇಳಿ."

ಅಕ್ಕೋರು ಅಳುವುದನ್ನು ನಾನು ಅದುವರೆಗೆ ಕಂಡವಳಲ್ಲ. ಎದ್ದು ಹೋಗಿ ಅತ್ತೆಯ ಕಾಲ ಬಳಿ ಕೂತರು. ಅತ್ತೆ ಒಂದು ಬೇಳೆ ಸುಲಿದು ಅವರ ಕೈಗೆ ಕೊಟ್ಟರು. ಇಬ್ಬರೂ ಮುಂದೆ ಮಾತಾಡಲಿಲ್ಲ.

ಆ ಮುದುಕಿಯ ಮಾತನ್ನು ನಾನು ಈಗಲೂ ಯೋಚಿಸುತ್ತೇನೆ. ಶಿಕ್ಷಕಿಯಾಗಿ ದುಡಿದ ಪ್ರತಿಯೊಬ್ಬ ಮದುವೆಯಾದ ಹೆಂಗಸಿನ ಹಿಂದೆ ಮನೆಯಲ್ಲಿ ಇನ್ನೊಬ್ಬ ಹೆಂಗಸು ನಿಂತಿರುತ್ತಾಳೆ: ಅತ್ತೆ, ತಾಯಿ, ನಾದಿನಿ, ಕೆಲಸದವಳು, ಇಲ್ಲವೇ ಬೇಗ ದೊಡ್ಡವಳಾದ ಮಗಳು. ನಮ್ಮ ಸೇವಾ ಪುಸ್ತಕದಲ್ಲಿ ಅವರ ಹೆಸರಿಲ್ಲ. ನಾವು ನಿವೃತ್ತರಾದಾಗ ಅವರ ಸಾಲ ತೀರಿಸುವ ಹೊತ್ತು ಬಂತೆಂದು ನಮಗೇ ಅನ್ನಿಸುತ್ತದೆ, ಅದು ಸುಳ್ಳೂ ಅಲ್ಲ. ದೊಡ್ಡಕ್ಕೋರು ಅತ್ತೆಯ ಆರೈಕೆಯನ್ನು ಒಂದು ದಿನವೂ ಬಿಡಲಿಲ್ಲ. ಅತ್ತೆಯ ಸ್ನಾನ, ಔಷಧಿ, ರಾತ್ರಿ ಕಾಲಿಗೆ ಎಣ್ಣೆ ಎಲ್ಲ ಅವರದೇ. ಆದರೆ ಅತ್ತೆಯ ಸೇವೆ ಬೇರೆ, ಮನೆಯವರು ಕುಡಿದಿಟ್ಟ ಲೋಟ ಎತ್ತುವುದು ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೆಂಗಸಿನ ತಲೆಯ ಮೇಲೆ ಇಡುವುದೇ ತಪ್ಪು.

ಮರುದಿನವೇ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಯಜಮಾನರು ಬಹಳ ದಿನ ಅಗತ್ಯಕ್ಕಷ್ಟೇ ಮಾತಾಡಿದರಂತೆ. ಬ್ಯಾಂಕಿನ ಪಾಸ್‌ಬುಕ್ ಇಡುತ್ತಿದ್ದ ಕಪಾಟಿನ ಕೀಲಿಯ ವಿಷಯಕ್ಕೂ ಒಂದು ಸಣ್ಣ ಜಟಾಪಟಿ ಆಯಿತು. ಪಿಂಚಣಿ ಖಾತೆಯನ್ನು ಗಂಡ ಹೆಂಡತಿ ಜಂಟಿಯಾಗಿ ತೆರೆಯಬಹುದು, ಮುಂದೆ ಕುಟುಂಬ ಪಿಂಚಣಿಗೆ ಅದರಿಂದ ಅನುಕೂಲವೂ ಹೌದು. ಅಕ್ಕೋರು ಜಂಟಿ ಖಾತೆಗೆ ಒಪ್ಪಿದರು, ಪಾಸ್‌ಬುಕ್ ಮಾತ್ರ ತಮ್ಮ ಚೀಲದಲ್ಲೇ ಇಟ್ಟುಕೊಂಡರು. ಕೆಲಸದವಳು ಮರಳಿ ಬಂದಳು, ಮೊದಲಿಗಿಂತ ಸ್ವಲ್ಪ ಹೆಚ್ಚಿನ ಸಂಬಳಕ್ಕೆ. ಮಗ ಮುನಿಸಿಕೊಂಡು ಹೋದವನು ಗಣೇಶ ಚೌತಿಗೆ ಕೂಸನ್ನು ಕರೆದುಕೊಂಡು ಬಂದ. ಸೊಸೆಯೇ ಫೋನು ಮಾಡಿ, "ಅತ್ತೆ, ನೀವು ಹೇಳಿದ್ದು ಸರಿ, ನಂಗೂ ಮುಂದೆ ಇದೇ ಬರ್ತದೆ" ಎಂದಳೆಂದು ಅಕ್ಕೋರು ನನಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಹತ್ತರಿಂದ ನಾಲ್ಕೂವರೆ ಕೇಳಿ ಪಡೆದರು, ಸರಿ. ಆ ಹೊತ್ತನ್ನು ಏನು ಮಾಡುವುದು? ಇದನ್ನು ಹೊರಗಿನವರು ಸುಲಭವೆಂದು ತಿಳಿಯುತ್ತಾರೆ. 35 ವರ್ಷ ಗಂಟೆಯ ಸದ್ದಿಗೆ ಎದ್ದು ಕೂತ ಮೈಗೆ ಖಾಲಿ ಹೊತ್ತು ಮೊದಮೊದಲು ನೋವು ಕೊಡುತ್ತದೆ. ಮನೆಯ ಹಿಂದಿನ ದಿಬ್ಬ ಹತ್ತಿದರೆ ಪ್ರಾರ್ಥನೆಯ ಹಾಡು ಕೇಳುತ್ತಿತ್ತು. ಅದು ಕೇಳಿಸದ ಕಡೆ ಹೋಗಿ ಕೂರುತ್ತಿದ್ದೆ ಎಂದು ಅವರು ಹೇಳಿದ್ದಿದೆ. ಮಧ್ಯಾಹ್ನ ನಿದ್ದೆ ಬರುತ್ತಿತ್ತು, ಎದ್ದಾಗ ತಪ್ಪು ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮುಂದೆ ಹಾಕುತ್ತಾ ಬಂದಿದ್ದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಆ ಚಳಿಗಾಲದಲ್ಲೇ ಮಾಡಿಸಿಕೊಂಡರು. ದಶಕಗಳ ಕಾಲ ಕೂಗಿ ಕೂಗಿ ಒಡೆದಿದ್ದ ಗಂಟಲಿಗೆ ಮೊದಲ ಸಲ ಔಷಧಿ ತೆಗೆದುಕೊಂಡರು. ಶಿಕ್ಷಕಿಯರ ದೇಹ ನಿವೃತ್ತಿಯ ಮೊದಲ ವರ್ಷದಲ್ಲಿ ಹಳೆ ಬಾಕಿಯನ್ನೆಲ್ಲ ಒಮ್ಮೆಗೇ ಕೇಳುತ್ತದೆ. ಮೊಣಕಾಲು, ಬೆನ್ನು, ಕಾಲಿನ ಉಬ್ಬಿದ ನರ, ಎಲ್ಲ. ಈ ವರ್ಷವನ್ನಾದರೂ ಅವರಿಗೆ ಬಿಟ್ಟುಕೊಡಬೇಕೆಂದು ನಾನು ಹೇಳುವುದು ಅದಕ್ಕೇ.

ಅವರು ಕಡೆಗೆ ಹಿಡಿದದ್ದು ತಾಳಮದ್ದಳೆ. ನಮ್ಮ ಜಿಲ್ಲೆಯಲ್ಲಿ ಹೆಂಗಸರ ತಾಳಮದ್ದಳೆ ಕೂಟಗಳಿವೆ. ವೇಷವಿಲ್ಲ, ಕುಣಿತವಿಲ್ಲ, ಎದುರಿಗೆ ಬರೆದಿಟ್ಟ ಮಾತಿಲ್ಲ. ಭಾಗವತರು ಪದ ಹೇಳಿದ ಮೇಲೆ ಕೂತಲ್ಲೇ ಅರ್ಥ ಹೇಳಬೇಕು, ಎದುರಿನವರ ಮಾತಿಗೆ ಆಗಿಂದಾಗಲೇ ಉತ್ತರ ಕೊಡಬೇಕು. ಮಾತೇ ಬದುಕಾದವರಿಗೆ ಇದಕ್ಕಿಂತ ಒಳ್ಳೆಯದು ಬೇರೇನಿದೆ? ಮೊದಲ ದಿನ ಭಾಗವತರು, "ಅಕ್ಕೋರೆ, ನೀವು ಪಾಠ ಮಾಡ್ತಿದ್ದೀರಿ, ಅರ್ಥ ಹೇಳಿ" ಎಂದರಂತೆ. ಅವರು ಬೇಸರಿಸದೆ ಹೋಗಿ ಓದಿದರು. ಕುಮಾರವ್ಯಾಸನನ್ನು ಮತ್ತೆ ತೆಗೆದರು, ಹಳೆಯ ಅರ್ಥಧಾರಿಗಳ ಕೂಟಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದರು. 'ಕರ್ಣಭೇದನ' ಪ್ರಸಂಗದಲ್ಲಿ ಅವರ ಕುಂತಿಯನ್ನು ನಾನು ಕೇಳಿದ್ದೇನೆ. ಮಗನೆದುರು ನಿಂತು ಬೇಡುವ ತಾಯಿ, ಬೇಡಲು ತನಗೇನು ಹಕ್ಕು ಎಂದು ತನ್ನನ್ನೇ ಕೇಳಿಕೊಳ್ಳುವ ತಾಯಿ. ಸಭೆ ಉಸಿರು ಹಿಡಿದಿತ್ತು. ಅವರ ಯಜಮಾನರು ಮುಂದಿನ ಸಾಲಿನಲ್ಲಿದ್ದರು. ಮುಗಿದ ಮೇಲೆ ಅವರೇ ಬಂದು ಬಿಸಿನೀರಿನ ಬಾಟಲಿ ಹೆಂಡತಿಯ ಕೈಗೆ ಕೊಟ್ಟದ್ದನ್ನು ಕಂಡೆ. ಗಂಡಸರೂ ಕಲಿಯುತ್ತಾರೆ. ಹೇಳಿದರೆ ಕಲಿಯುತ್ತಾರೆ.

ಎಲ್ಲರಿಗೂ ಹೀಗಾಗುವುದಿಲ್ಲ. ನನ್ನ ಜೊತೆ ಟಿ.ಸಿ.ಎಚ್. ಓದಿದ ಗೆಳತಿಯೊಬ್ಬಳು ನಿವೃತ್ತಳಾದ ವಾರಕ್ಕೇ ಬೆಂಗಳೂರಿಗೆ ಹೋದಳು. ಎಷ್ಟನೆಯದೋ ಮಹಡಿಯ ಮನೆಯಲ್ಲಿ ಮೊಮ್ಮಗುವನ್ನು ನೋಡಿಕೊಳ್ಳುತ್ತಾ, ಹಗಲಿಡೀ ಮಾತಾಡಲು ದೊಡ್ಡವರಿಲ್ಲದೆ ದಿನ ಕಳೆಯುತ್ತಾಳೆ. ಗಂಡ ಊರಲ್ಲಿ ಒಬ್ಬರೇ ಬೇಯಿಸಿಕೊಳ್ಳುತ್ತಾ ಇದ್ದಾರೆ. ಅರವತ್ತು ದಾಟಿದ ಮೇಲೆ ಗಂಡ ಹೆಂಡತಿ ಬೇರೆ ಬೇರೆ ಊರಲ್ಲಿರಬೇಕಾಗಿ ಬಂದ ಇಂಥ ಮನೆಗಳು ನಮ್ಮ ಸುತ್ತಮುತ್ತ ತುಂಬಾ ಇವೆ. ಮೊಮ್ಮಗುವಿನ ಮೇಲೆ ಅವಳಿಗೆ ಪ್ರೀತಿ ಇಲ್ಲವೆಂದಲ್ಲ. ಯಾರೂ ಅವಳನ್ನು ಕೇಳಲೇ ಇಲ್ಲ, ಅಷ್ಟೇ.

ನನ್ನ ಸರದಿ ಬಂದದ್ದು 2019ರ ಮೇ 31ಕ್ಕೆ. ನಾನೂ ಕಾಗದದ ಮೇಲೆ ಜೂನ್ ಒಂದರವಳು. ಬೀಳ್ಕೊಡುಗೆಗೆ ದೊಡ್ಡಕ್ಕೋರು ಬಂದಿದ್ದರು. ಸಭೆ ಮುಗಿದ ಮೇಲೆ ನಮ್ಮನೆಯವರನ್ನು ಪಕ್ಕಕ್ಕೆ ಕರೆದು ಅವರೇನು ಹೇಳಿದರೋ, ಅಂದು ರಾತ್ರಿ ನಮ್ಮನೆಯವರು ತಾವೇ ಕೇಳಿದರು, "ನಾಳೆಯಿಂದ ನಿನ್ನ ಹೊತ್ತಿಗೆ ಏನು ಮಾಡ್ಬೇಕು ಅಂತ ಇದ್ದೀಯ?" ಮದುವೆಯಾದ ಮೇಲೆ ಆ ಪ್ರಶ್ನೆ ನನಗೆ ಬಂದದ್ದು ಅದೇ ಮೊದಲು. ಉತ್ತರ ಕೊಡಲು ನನಗೆ ವರ್ಷವೇ ಹಿಡಿಯಿತು. ಅಷ್ಟರಲ್ಲಿ ಕೊರೋನಾ ಬಂತು. ಶಾಲೆಗಳೇ ಮುಚ್ಚಿದವು, ಮೊಮ್ಮಕ್ಕಳು ಮೊಬೈಲು ಹಿಡಿದು ನಮ್ಮ ಜಗುಲಿಗೆ ಬಂದು ಕೂತರು. ಅದು ಬೇರೆಯೇ ಕಥೆ.

ಒಂದು ಮಾತನ್ನು ಮಾತ್ರ ಮರೆಯಬಾರದು. ದೊಡ್ಡಕ್ಕೋರು ಆ ರಾತ್ರಿ ಅಷ್ಟು ಗಟ್ಟಿಯಾಗಿ ಮಾತಾಡಲು ಅವರ ಹೆಸರಿಗೆ ಬರುತ್ತಿದ್ದ ಪಿಂಚಣಿ ಆಸರೆಯಾಗಿತ್ತು. ಕೊನೆಯ ಮೂಲವೇತನದ ಅರ್ಧದಷ್ಟು, ಮೇಲೆ ತುಟ್ಟಿಭತ್ಯೆ, ಬದುಕಿರುವವರೆಗೆ. 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ನೇಮಕವಾದ ನಮ್ಮ ತಂಗಿಯರಿಗೆ ಆ ಭರವಸೆ ಸಿಗಲಿಲ್ಲ. ಅವರ ಸಂಬಳದಿಂದ ಶೇ. 10ರಷ್ಟು ಕಡಿದು ಹೊಸ ಪಿಂಚಣಿ ಯೋಜನೆಗೆ ಹಾಕಿದರು, ಕೊನೆಗೆ ಕೈಗೆ ಎಷ್ಟು ಬರುತ್ತದೆಂಬುದು ಮಾರುಕಟ್ಟೆಯ ಮೇಲೆ ನಿಂತಿದೆ. ಅತಿಥಿ ಶಿಕ್ಷಕಿಯರಿಗೆ, ನಮ್ಮ ಶಾಲೆಯಲ್ಲಿ ಅನ್ನ ಬೇಯಿಸಿದ ಹೆಂಗಸರಿಗೆ ಅದೂ ಇಲ್ಲ. ಹಳೆ ಪಿಂಚಣಿಗಾಗಿ ನೌಕರರು ಬೀದಿಗಿಳಿದಾಗ ಅದು ಬರೀ ದುಡ್ಡಿನ ಮಾತೆಂದು ಅನೇಕರು ತಿಳಿಯುತ್ತಾರೆ. ಹೆಂಗಸರ ಪಾಲಿಗೆ ಅದು ಮುಪ್ಪಿನಲ್ಲಿ ಮನೆಯೊಳಗೆ ದನಿ ಉಳಿಯುವ ಮಾತು.

ಅತ್ತೆ 2016ರಲ್ಲಿ ತೀರಿಕೊಂಡರು. ದೊಡ್ಡಕ್ಕೋರು ಈಗ ಎಪ್ಪತ್ತು ದಾಟಿದ್ದಾರೆ. ನವೆಂಬರಿನಲ್ಲಿ ಜೀವಿತ ಪ್ರಮಾಣ ಪತ್ರ ಕೊಡಲು ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ, ಕೆಲಸ ಮುಗಿಸಿ, ಮಸಾಲೆ ದೋಸೆ ತಿಂದು ಬರುತ್ತೇವೆ. ಆ ಮನೆಯ ಕೆಲಸದವಳ ಮಗಳು ಓದು ಮುಗಿಸಿ ಶುಶ್ರೂಷಕಿಯಾಗಿದ್ದಾಳೆ.

ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಈ ಮೇ 31ಕ್ಕೆ ಒಬ್ಬ ಅಕ್ಕೋರು ನಿವೃತ್ತರಾಗುವವರಿದ್ದರೆ ನನ್ನದೊಂದು ಕೇಳಿಕೆ. ಜೂನ್ ಒಂದಕ್ಕೆ ಮನೆಗೆಲಸದವರನ್ನು ಬಿಡಿಸಬೇಡಿ. ಬೆಂಗಳೂರಿನ ಟಿಕೆಟ್ಟನ್ನು ಅವರನ್ನು ಕೇಳದೆ ತೆಗೆಸಬೇಡಿ. ಬಂದ ದುಡ್ಡಿಗೆ ಅವರಿಗಿಂತ ಮೊದಲು ನೀವು ಯೋಜನೆ ಹಾಕಬೇಡಿ. ಆ ಹತ್ತರಿಂದ ನಾಲ್ಕೂವರೆಯನ್ನು ಅವರಿಗೇ ಬಿಡಿ. ಏನು ಮಾಡುವುದೆಂದು ಗೊತ್ತಾಗಲು ಅವರಿಗೆ ಒಂದು ವರ್ಷ ಹಿಡಿದರೂ ಹಿಡಿಯಲಿ, ಕಾಯಿರಿ.